ಅಪ್ಪನ ಬೆನ್ನಿನ ಕೆಂಪು ಕಲೆ

ಪ್ರಶ್ನೆ: ಅಕ್ಕಾ, ನಮ್ಮ ಅಪ್ಪನಿಗೆ 78 ವರ್ಷ. ಲಕ್ವ ಹೊಡೆದು ಬಲಗೈ, ಬಲಗಾಲು ಆಡುವುದಿಲ್ಲ. ಮೂರು ತಿಂಗಳಿಂದ ಕಲಬುರಗಿಯ ಒಂದು ವೃದ್ಧಾಶ್ರಮದಲ್ಲಿದ್ದಾರೆ. ಹೋದ ಭಾನುವಾರ ಧೋತರ ಬದಲಿಸುವಾಗ ಬೆನ್ನಿನ ಕೆಳತುದಿಯಲ್ಲಿ ರೂಪಾಯಿ ಅಗಲದ ಕೆಂಪು ಕಲೆ ಕಂಡೆ. ‘ಕೂತು ಕೂತು ಆಗಿದೆ, ಪೌಡರ್ ಹಾಕ್ತೀವಿ’ ಅಂದರು ಆಶ್ರಮದವರು. ಅಪ್ಪನನ್ನು ಕೇಳಿದರೆ ‘ಎಲ್ಲಾ ಛಲೋ ಅದ, ನೀ ಹೋಗವ್ವ’ ಅನ್ನುತ್ತಾರೆ. ನಾನು ಸುಮ್ನೆ ಹೆದರುತ್ತಿದ್ದೇನಾ?
– ಓದುಗರೊಬ್ಬರು, ಸೇಡಂ

ಉತ್ತರ: ಇಲ್ಲ ತಂಗಿ, ನೀನು ನೋಡಿದ್ದು ಒಳ್ಳೆಯದೇ ಆಯಿತು. ಆ ಪೌಡರ್ ಮಾತು ಬಿಡು. ಕಲೆಯ ಮೇಲೆ ಬೆರಳಿಟ್ಟು ಮೆಲ್ಲಗೆ ಒತ್ತಿ ತೆಗೆ. ಒಂದು ಗಳಿಗೆ ಬಿಳಿಚಿಕೊಂಡು ಮತ್ತೆ ಕೆಂಪಾದರೆ ಅಲ್ಲಿ ಇನ್ನೂ ರಕ್ತ ಓಡಾಡುತ್ತಿದೆ. ಒತ್ತಿದರೂ ಕೆಂಪಾಗಿಯೇ ಉಳಿದರೆ ಹಾಸಿಗೆ ಹುಣ್ಣು, ಅಂದರೆ ಬಹಳ ಹೊತ್ತು ಒಂದೇ ಕಡೆ ಭಾರ ಬಿದ್ದು ಆಗುವ ಹುಣ್ಣು, ಶುರುವಾಗಿದೆ ಅಂತ ತಿಳಿ. ಕಪ್ಪು ಮೈಯವರಲ್ಲಿ ಈ ಕೆಂಪು ಸರಿಯಾಗಿ ಕಾಣುವುದೂ ಇಲ್ಲ. ಸುತ್ತಲಿಗಿಂತ ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ ಅಂತ ಮುಟ್ಟಿ ನೋಡಬೇಕು. ಹಿಮ್ಮಡಿ, ಸೊಂಟದ ಪಕ್ಕಗಳನ್ನೂ ನೋಡು.

ತಾವಾಗಿ ಹೊರಳಲಾಗದವರಿಗೆ ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ರಾತ್ರಿಯೂ. ಎತ್ತಿ ಹೊರಳಿಸಬೇಕು, ಎಳೆಯಬಾರದು. ಕೆಂಪು ಜಾಗವನ್ನು ತಿಕ್ಕಬಾರದು. ಏರ್ ಬೆಡ್ ಇದ್ದರೆ ಒಳ್ಳೆಯದು, ಆದರೆ ಅದಿದೆಯಲ್ಲ ಅಂತ ಹೊರಳಿಸುವುದನ್ನು ಬಿಡುವಂತಿಲ್ಲ.

ನಾನು 31 ವರ್ಷ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. ನಮ್ಮ ಅತ್ತೆ ಇದ್ದ ಆಶ್ರಮಕ್ಕೆ ಪ್ರತಿ ಭಾನುವಾರ 11 ಗಂಟೆಗೆ ಹೋಗುತ್ತಿದ್ದೆ. ತಲೆ ಬಾಚಿ, ಒಗೆದ ಸೀರೆ ಉಡಿಸಿ ಕೂಡಿಸಿರುತ್ತಿದ್ದರು. ಒಂದು ಬುಧವಾರ ರಾತ್ರಿ 8ಕ್ಕೆ ಹೇಳದೆ ಹೋದೆ. 22 ಮಂದಿಗೆ ಒಬ್ಬಳೇ ಹುಡುಗಿ. ಅತ್ತೆಯ ಹಾಸಿಗೆ ಒದ್ದೆ. ನೀರಿನ ತಂಬಿಗೆ ಕೈಗೆ ಎಟುಕದ ಕಿಟಕಿಯ ಮೇಲೆ. ಮೇ ತಿಂಗಳು, ನಮ್ಮ ಕಡೆ ಬಿಸಿಲು 42 ಡಿಗ್ರಿ ದಾಟುತ್ತದೆ ಅಲ್ವಾ, ಅವರ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತ್ತು. ಆ ಹುಡುಗಿಯನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಒಬ್ಬಳು ಎಷ್ಟು ಜನರನ್ನು ಎತ್ತಿಯಾಳು? ಅಷ್ಟೊಂದು ಜನರ ದುಡ್ಡು ತೆಗೆದುಕೊಂಡು ರಾತ್ರಿಗೆ ಒಬ್ಬಳನ್ನೇ ಇಟ್ಟವರ ಮೇಲೆ ಸಿಟ್ಟು ಬಂತು. ಅದು ಇನ್ನೂ ಇಳಿದಿಲ್ಲ.

ನೀನೂ ಭಾನುವಾರ ಬಿಟ್ಟು ಬೇರೆ ದಿನ ಹೋಗು, ಕತ್ತಲಾದ ಮೇಲೆ. ಮಗ್ಗುಲು ಬದಲಿಸಿದ್ದನ್ನು ಬರೆದಿಡುವ ಹಾಳೆ ಕೇಳು. ನೀನು 7ಕ್ಕೆ ಹೋದಾಗಲೇ ರಾತ್ರಿ 10ರ ಸಹಿ ಬಿದ್ದಿದ್ದರೆ ಯಾರೂ ಹೊರಳಿಸುತ್ತಿಲ್ಲ ಅಂತಲೇ ಲೆಕ್ಕ. ಕಲೆಯ ಫೋಟೋ ತೆಗೆದು ತಾರೀಖು ಬರೆದಿಡು, ಡಾಕ್ಟರಿಗೆ ತೋರಿಸು. ಚರ್ಮ ಒಡೆದು ಕೀವು, ವಾಸನೆ, ಜ್ವರ ಬಂದರೆ ಅವತ್ತೇ ಆಸ್ಪತ್ರೆಗೆ ಸೇರಿಸಬೇಕು. ಆಶ್ರಮದವರು ಕಿವಿಗೆ ಹಾಕಿಕೊಳ್ಳದಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡು. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಎತ್ತುತ್ತಾರೆ, ದುಡ್ಡು ಕಡಿತವಾಗುವುದಿಲ್ಲ.

ಅಪ್ಪ ಹಾಗೆ ಅನ್ನುವುದು ನಿನಗೆ ನೋವಾಗಬಾರದು ಅಂತ ಇರಬಹುದು. ಅಲ್ಲಿಯವರು ಹತ್ತಿರ ಇಲ್ಲದಾಗ ಕೇಳು. ‘ಹೆಂಗಿದ್ದಿ’ ಅನ್ನಬೇಡ. ‘ನಿನ್ನೆ ರಾತ್ರಿ ಯಾರು ಹೊರಳಿಸಿದ್ರು? ನೀರು ಬೇಕಾದ್ರೆ ಹೆಂಗ ಕರೀತಿ?’ ಅನ್ನು. ಕರೆಯುವ ಗಂಟೆ ಎಲ್ಲಿದೆ ನೋಡು. ಅದು ಮಂಚದ ಬಲಕ್ಕಿದ್ದರೆ ನೀನು ನಿಂತು ಎಡಕ್ಕೆ ಹಾಕಿಸು. ಅಪ್ಪ ಒಂದು ಸಲ ಬಾರಿಸಿದ್ದನ್ನು ನೋಡಿಯೇ ಬಾ.