ಎಲ್ಲರಿಗೂ ಕೂಪನ್ ಕೊಟ್ಟರೂ ಕಾರ್ಖಾನೆಗಳು ಕೆಲವರ ಪಾಲಾಗಿದ್ದು ಹೇಗೆ?

ಕಮ್ಯುನಿಸ್ಟ್ ಆಡಳಿತ ಹೋದಮೇಲೆ ಸರ್ಕಾರಿ ಕಾರ್ಖಾನೆಗಳನ್ನು ಜನರಿಗೇ ಹಂಚಿದರು, ಆದರೂ ಅವು ಕೆಲವರ ಪಾಲಾಗಿದ್ದು ಹೇಗೆ, ವಿದೇಶಿಯರಿಗೆ ಮಾರುವುದಕ್ಕಿಂತ ಹಂಚುವುದೇ ವಾಸಿ ಅಲ್ವಾ ಅಂತ ಕೇಳಿದ್ದೀರಿ. ಎಲ್ಲರೂ ರಷ್ಯಾದ ಕತೆ ಹೇಳುತ್ತಾರೆ. ನಾನು ಜೆಕ್ ಜನರದ್ದು ಹೇಳುತ್ತೇನೆ.

1989ರಲ್ಲಿ ಜೆಕ್ ಮತ್ತು ಸ್ಲೊವಾಕ್ ಜನರು ಒಟ್ಟಿಗಿದ್ದ ಜೆಕೊಸ್ಲೊವಾಕಿಯಾದಲ್ಲಿ ಹೆಚ್ಚುಕಮ್ಮಿ ಎಲ್ಲವೂ ಸರ್ಕಾರದ್ದೇ. ಕಾರ್ಖಾನೆ ಕೊಳ್ಳುವಷ್ಟು ದುಡ್ಡು ಯಾರ ಹತ್ತಿರ ಇತ್ತು? ಅದಕ್ಕೇ ಹಣಕಾಸು ಮಂತ್ರಿ ವಾತ್ಸ್ಲಾವ್ ಕ್ಲೌಸ್ ಕೂಪನ್ ಯೋಜನೆ ತಂದರು. ವಯಸ್ಕರು 1,000 ಕ್ರೌನ್ (ಅಲ್ಲಿನ ಹಣ) ಚಿಲ್ಲರೆ ಕಟ್ಟಿದರೆ 1,000 ಪಾಯಿಂಟಿನ ಕೂಪನ್. ತಿಂಗಳ ಸಂಬಳದ ಸುಮಾರು ಕಾಲು ಭಾಗ ಅಷ್ಟೆ. ಪಾಯಿಂಟ್ ಕೊಟ್ಟು ಕಾರ್ಖಾನೆಗಳ ಷೇರು ತಗೊಳ್ಳಬಹುದಿತ್ತು.

ಮೊದಮೊದಲು ಜನ ತಲೆ ಕೆಡಿಸಿಕೊಳ್ಳಲಿಲ್ಲ. ಆಮೇಲೆ ವಿಕ್ಟರ್ ಕೊಜೆನಿ ಎಂಬ ಯುವಕ ಬಂದ. ಹಾರ್ವರ್ಡ್‌ನಲ್ಲಿ ಓದಿದ್ದ, ಜನರ ಪಾಯಿಂಟ್ ಒಟ್ಟುಗೂಡಿಸಿ ಷೇರು ಕೊಳ್ಳುವ ತನ್ನ ಫಂಡಿಗೂ ಅದೇ ಹೆಸರಿಟ್ಟ. ವಿಶ್ವವಿದ್ಯಾಲಯಕ್ಕೂ ಅದಕ್ಕೂ ಸಂಬಂಧವೇ ಇಲ್ಲ! ಪಾಯಿಂಟ್ ನನಗೆ ಕೊಡಿ, ವರ್ಷದ ಮೇಲೊಂದು ದಿನಕ್ಕೆ ಹತ್ತು ಪಟ್ಟು ಕೊಡ್ತೀನಿ ಅಂತ ಜಾಹೀರಾತು. ಜನ ಮುಗಿಬಿದ್ದರು. 1992ರ ಮೊದಲ ಸುತ್ತಿಗೆ 80 ಲಕ್ಷಕ್ಕೂ ಜಾಸ್ತಿ ಮಂದಿ ಸೇರಿದರು. ಶೇ. 70ರಷ್ಟು ಪಾಯಿಂಟ್ ಫಂಡುಗಳಿಗೇ ಹೋಯಿತು.

ಕೊಜೆನಿ ಒಬ್ಬನನ್ನೇ ಬೈದರೆ ಸಾಲದು. ನನ್ನ ಪ್ರಕಾರ ನಿಜವಾದ ಎಡವಟ್ಟು ಬ್ಯಾಂಕುಗಳದ್ದು. ದೊಡ್ಡ ಫಂಡುಗಳಲ್ಲಿ ಹೆಚ್ಚಿನವನ್ನು ನಡೆಸುತ್ತಿದ್ದದ್ದು ಅವುಗಳ ಅಂಗಸಂಸ್ಥೆಗಳು. ಆ ಬ್ಯಾಂಕುಗಳಲ್ಲಿ ಸರ್ಕಾರದ ಪಾಲು ಇನ್ನೂ ದೊಡ್ಡದಿತ್ತು. ಅಂದರೆ ಸಾಲ ಕೊಡುವವರೂ ಅವರೇ, ಕಾರ್ಖಾನೆಯ ಒಡೆಯರೂ ಅವರೇ. ಕಾರ್ಖಾನೆ ನಷ್ಟದಲ್ಲಿದ್ದರೂ ಬಾಗಿಲು ಹಾಕಿಸುವವರು ಯಾರು? ಮತ್ತೆ ಸಾಲ. ಇನ್ನು ಕೆಲವು ಕಡೆ ಆಡಳಿತ ಹಿಡಿದವರು ಕಂಪನಿಯ ಆಸ್ತಿಯನ್ನು ತಮ್ಮದೇ ಬೇರೆ ಕಂಪನಿಗೆ ಕವಡೆ ಕಾಸಿಗೆ ಮಾರಿಕೊಂಡರು. ಸಣ್ಣ ಷೇರುದಾರರಿಗೆ ಉಳಿದದ್ದು ಕಾಗದ. ಷೇರುಪೇಟೆಗೆ ನಮ್ಮ ಸೆಬಿಯಂಥ ಕಾವಲು ಸಂಸ್ಥೆ ಅಲ್ಲಿ ಬಂದದ್ದೇ 1998ರಲ್ಲಿ. ಅಷ್ಟರಲ್ಲಿ ಹಂಚಿಕೆ ಮುಗಿದು ವರ್ಷಗಳೇ ಆಗಿದ್ದವು.

ಕೊಜೆನಿ ಬಹಾಮಾಸ್ ಸೇರಿದ. 2010ರಲ್ಲಿ ಪ್ರಾಗ್ ಕೋರ್ಟು ವಂಚನೆಗಾಗಿ ಅವನಿಲ್ಲದೆಯೇ 10 ವರ್ಷ ಶಿಕ್ಷೆ ಕೊಟ್ಟಿತು. ಬ್ಯಾಂಕುಗಳ ಕೆಟ್ಟ ಸಾಲ ತೆರಿಗೆ ಕಟ್ಟುವವರ ತಲೆಗೆ ಬಂತು. ಆಮೇಲೆ ಆ ಬ್ಯಾಂಕುಗಳೂ ವಿದೇಶಿಯರ ಕೈಗೇ ಹೋದವು. 2000ರಲ್ಲಿ ಒಂದು ಆಸ್ಟ್ರಿಯಾದ ಎರ್ಸ್ಟೆ ಬ್ಯಾಂಕಿಗೆ, 2001ರಲ್ಲಿ ಇನ್ನೊಂದು ಫ್ರಾನ್ಸಿನ ಸೊಸೈಟೆ ಜೆನರಾಲ್ ಬ್ಯಾಂಕಿಗೆ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ವಿದೇಶಿಯರಿಗೆ ಮಾರುವುದಕ್ಕಿಂತ ಹಂಚುವುದೇ ವಾಸಿ ಅಂತ ಹೇಳಲಾಗದು. ಸ್ಕೋಡಾ ಕಾರು ಕಂಪನಿಯನ್ನು ಈ ಕೂಪನ್ ಗೊಡವೆಗೇ ತರಲಿಲ್ಲ. 1991ರಲ್ಲಿ ನೇರವಾಗಿ ಜರ್ಮನಿಯ ಫೋಕ್ಸ್‌ವ್ಯಾಗನ್ ಜೊತೆ ಕೈಜೋಡಿಸಿ, ಹಂತಹಂತವಾಗಿ ಅದಕ್ಕೇ ಮಾರಿದರು. ಆ ಕಾರುಗಳು ನಮ್ಮ ರಸ್ತೆಗಳಲ್ಲೂ ಓಡಾಡುತ್ತಿವೆ.