ಸನ್ನದು ಕೊಡಿಸುತ್ತೇನೆಂದವರಿಗೆ ಮುಂಗಡ ಕೊಡಬಹುದೇ?

ಪ್ರಶ್ನೆ: ನಮ್ಮ ಹಳ್ಳಿಯಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿಗೆ ಹೊಂದಿಕೊಂಡು ನಾಲ್ಕು ಗುಂಟೆ ಜಾಗವಿದೆ. ಅಲ್ಲಿ ವೈನ್ ಸ್ಟೋರ್ ತೆರೆಯಬೇಕೆಂಬುದು ಮಗನ ಆಸೆ. ಐದು ಲಕ್ಷ ಮುಂಗಡ ಕೊಟ್ಟರೆ ಹೊಸ ಲೈಸೆನ್ಸ್ ಮಾಡಿಸಿಕೊಡುವುದಾಗಿಯೂ, ಅದಾಗದಿದ್ದರೆ ಬೇರೆಯವರ ಲೈಸೆನ್ಸನ್ನೇ ಲೀಸ್‌ಗೆ ಕೊಡಿಸುವುದಾಗಿಯೂ ಮಧ್ಯವರ್ತಿಯೊಬ್ಬರು ಹೇಳುತ್ತಿದ್ದಾರೆ. ನಂಬಬಹುದೇ?
– ಓದುಗರು, ಮದ್ದೂರು ತಾಲ್ಲೂಕು

ಉತ್ತರ: ಒಂದು ರೂಪಾಯಿಯನ್ನೂ ಕೊಡಬೇಡಿ. ಸೀಲು ಒಡೆಯದ ಬಾಟಲಿ ಮಾರುವ ವೈನ್ ಸ್ಟೋರಿನ ಸಿಎಲ್-2 ಸನ್ನದನ್ನಾಗಲಿ, ಕುಳಿತು ಕುಡಿಯಲು ಅವಕಾಶವಿರುವ ಬಾರ್ ಅಂಡ್ ರೆಸ್ಟೋರೆಂಟಿನ ಸಿಎಲ್-9 ಸನ್ನದನ್ನಾಗಲಿ ಅರ್ಜಿ ಹಾಕಿದವರಿಗೆಲ್ಲ ಹೊಸದಾಗಿ ಕೊಡುವ ಪದ್ಧತಿಯನ್ನು ರಾಜ್ಯ ಸರ್ಕಾರ 1992ರಲ್ಲೇ ಕೈಬಿಟ್ಟಿದೆ. ಅಂದಿನಿಂದ ಹಳೆಯ ಸನ್ನದುಗಳೇ ಅಬಕಾರಿ ಇಲಾಖೆಯ ಅನುಮತಿಯೊಂದಿಗೆ ಒಬ್ಬರಿಂದ ಮತ್ತೊಬ್ಬರಿಗೆ, ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ವರ್ಗವಾಗುತ್ತ ಬಂದಿವೆ; ಅವುಗಳಿಗೆ ಈಗಿರುವ ಬೆಲೆಯೂ, ಮಧ್ಯವರ್ತಿಗಳ ಹಾವಳಿಯೂ ಹುಟ್ಟಿದ್ದು ಇದರಿಂದಲೇ. ಬಳಕೆಯಾಗದೆ ಉಳಿದ ಸನ್ನದುಗಳನ್ನು ಇ-ಹರಾಜು ಹಾಕುವುದಾಗಿ 2025ರ ಮಾರ್ಚ್‌ನ ಬಜೆಟ್‌ನಲ್ಲಿ ಸರ್ಕಾರ ಘೋಷಿಸಿತು. ಹರಾಜಿನ ಹಣ ಸರ್ಕಾರದ ಖಾತೆಗೆ ಹೋಗುತ್ತದೆಯೇ ಹೊರತು ಯಾರ ಜೇಬಿಗೂ ಅಲ್ಲ. ಆದ್ದರಿಂದ ಮಂಡ್ಯದ ಅಬಕಾರಿ ಉಪ ಆಯುಕ್ತರ ಕಚೇರಿಗೆ ನೀವೇ ಹೋಗಿ ವಿಚಾರಿಸಿ.

ಲೀಸಿನ ಮಾತು ಇನ್ನೂ ಅಪಾಯದ್ದು. ಸನ್ನದು ಎಂಬುದು ಇಂಥ ವ್ಯಕ್ತಿ ಇಂಥ ಕಟ್ಟಡದಲ್ಲಿ ವ್ಯಾಪಾರ ಮಾಡಬಹುದೆಂದು ಕೊಟ್ಟ ಅನುಮತಿಯಾದ್ದರಿಂದ, ಅಂಗಡಿ ಮಳಿಗೆಯ ಹಾಗೆ ಅದನ್ನು ಒಳಬಾಡಿಗೆಗೆ ಕೊಡಲು ಬರುವುದಿಲ್ಲ. ಛಾಪಾ ಕಾಗದದ ಮೇಲೆ ಬರೆದ ಇಂಥ ಕರಾರುಗಳನ್ನು ನಾನು ಸಾಕಷ್ಟು ಓದಿದ್ದೇನೆ; ಹಣ ಹಾಕಿದವನನ್ನು ಅವುಗಳಲ್ಲಿ ‘ವ್ಯವಸ್ಥಾಪಕ’ ಎಂದು ಕರೆದಿರುತ್ತಾರೆ, ತಿಂಗಳ ಬಾಡಿಗೆಗೆ ‘ಲಾಭಾಂಶ’ ಎಂಬ ಹೆಸರಿಟ್ಟಿರುತ್ತಾರೆ. ಹೆಸರು ಬದಲಾದ ಮಾತ್ರಕ್ಕೆ ಹುರುಳು ಬದಲಾಗದು. 2003ರಿಂದ ಸಗಟು ಮದ್ಯವನ್ನು ವಿತರಿಸುತ್ತಿರುವುದು ಕರ್ನಾಟಕ ರಾಜ್ಯ ಪಾನೀಯ ನಿಗಮ. ಅಲ್ಲಿ ಮಾಲು ಎತ್ತುವುದು ಸನ್ನದುದಾರರ ಹೆಸರಿನಲ್ಲಿ, ಜೂನ್ 30ಕ್ಕೆ ಅಬಕಾರಿ ವರ್ಷ ಮುಗಿದಾಗ ನವೀಕರಣವಾಗುವುದೂ ಅವರ ಹೆಸರಿನಲ್ಲೇ. ಅವರು ಸಹಿ ಹಾಕಲಾರೆ ಎಂದುಬಿಟ್ಟರೆ ನಿಮ್ಮ ಮಗ ಹಾಕಿದ ಬಂಡವಾಳವೆಲ್ಲ ಬೀಗ ಬಿದ್ದ ಅಂಗಡಿಯೊಳಗೆ ಉಳಿಯುತ್ತದೆ, ಕಾನೂನು ಒಪ್ಪದ ಕರಾರನ್ನು ಜಾರಿಮಾಡಿಸಿ ಎಂದು ನ್ಯಾಯಾಲಯವನ್ನು ಕೇಳುವಂತೆಯೂ ಇಲ್ಲ.

ಇನ್ನು ಜಾಗ. ಇದ್ದ ಸನ್ನದೊಂದನ್ನು ಕ್ರಮಬದ್ಧವಾಗಿ ವರ್ಗ ಮಾಡಿಸಿಕೊಂಡರೂ ಹೆದ್ದಾರಿ ಅಂಚಿನ ನಿಮ್ಮ ನಾಲ್ಕು ಗುಂಟೆ ಒದಗುವುದು ಕಷ್ಟ. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಇರಕೂಡದೆಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರ್‌ನಲ್ಲಿ ಆದೇಶಿಸಿತು. ಜನಸಂಖ್ಯೆ 20,000ಕ್ಕೆ ಮೀರದ ಊರುಗಳಿಗೆ ಆ ಅಂತರವನ್ನು 2017ರ ಮಾರ್ಚ್‌ನಲ್ಲಿ 220 ಮೀಟರಿಗೆ ಇಳಿಸಿತು. ನಂತರ ಸಡಿಲಿಕೆ ದೊರೆತದ್ದು ಮುಖ್ಯವಾಗಿ ಪಟ್ಟಣ, ನಗರಗಳ ವ್ಯಾಪ್ತಿಗೆ. ಇದಲ್ಲದೆ ಶಾಲೆ, ದೇವಸ್ಥಾನ, ಆಸ್ಪತ್ರೆಗಳಿಂದ 100 ಮೀಟರ್ ದೂರವಿರಬೇಕು. ಈ ದೂರವನ್ನು ನಕ್ಷೆಯ ಮೇಲೆ ನೇರ ಗೆರೆ ಎಳೆದು ಅಳೆಯುವುದಿಲ್ಲ; ಅಂಗಡಿ ಬಾಗಿಲಿನ ನಡುಮಧ್ಯದಿಂದ ಹೊರಟು, ಜನ ಸಾಮಾನ್ಯವಾಗಿ ನಡೆದುಹೋಗುವ ಹತ್ತಿರದ ದಾರಿಯಲ್ಲಿ, ಶಾಲೆಯ ಗೇಟಿನವರೆಗೆ ಟೇಪು ಹಿಡಿಯುತ್ತಾರೆ. ತಕರಾರು ಬಂದಾಗ ಹಿಂಬದಿಯ ಬಾಗಿಲನ್ನು ಮುಂಬಾಗಿಲೆಂದು ತೋರಿಸುವ ಜಾಣರೂ ಇದ್ದಾರೆ.

ಪ್ರಶ್ನೆ: ಮಗಳ ಮದುವೆಯ ಮಾರನೆಯ ದಿನ ಮೈಸೂರಿನ ಛತ್ರವೊಂದರಲ್ಲಿ ಬೀಗರ ಊಟ. ಬಾಡೂಟದ ಜೊತೆಗೆ ಗುಂಡೂ ಇರಲಿ ಎಂದು ನೆಂಟರ ಒತ್ತಾಯ. ನಾವೇನೂ ಮಾರುತ್ತಿಲ್ಲವಲ್ಲ, ಇದಕ್ಕೂ ಅನುಮತಿ ಬೇಕೇ?
– ಓದುಗರು, ಮೈಸೂರು

ಉತ್ತರ: ಬೇಕು. ಸಿಎಲ್-5 ಎಂಬ ಸಾಂದರ್ಭಿಕ ಸನ್ನದು ಇರುವುದು ಇಂಥ ಸಂದರ್ಭಗಳಿಗೇ. ಸನ್ನದಿಲ್ಲದೆ ಒಬ್ಬರು ಇಟ್ಟುಕೊಳ್ಳಬಹುದಾದ ವಿಸ್ಕಿ, ಬ್ರಾಂದಿ, ರಮ್ಮಿನಂಥ ದೇಶೀ ತಯಾರಿಕೆಯ ಮದ್ಯದ ಮಿತಿ 2.3 ಲೀಟರ್, ಅಂದರೆ ಮೂರು ಫುಲ್ ಬಾಟಲಿ. ಬೀಗರ ಊಟಕ್ಕೆ ಅದು ಎಲ್ಲಿ ಸಾಲುತ್ತದೆ? ದಿನಾಂಕ, ಸ್ಥಳ, ವೇಳೆಯನ್ನು ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆಯಿರಿ, ಛತ್ರದವರಿಂದ ಲಿಖಿತ ಒಪ್ಪಿಗೆಯನ್ನೂ ಮೊದಲೇ ಪಡೆದಿರಿ. ಗೋವಾದಿಂದ ಅಗ್ಗಕ್ಕೆ ತರಿಸೋಣವೆಂದು ಯಾರಾದರೂ ಅಂದರೆ ಕಿವಿಗೊಡದೆ, ಇಲ್ಲಿಯ ಸನ್ನದು ಪಡೆದ ಅಂಗಡಿಯಲ್ಲೇ ಕೊಂಡು ಬಿಲ್ಲನ್ನು ಇಟ್ಟುಕೊಳ್ಳಿ. ದಿನ ನಿಗದಿ ಮಾಡುವಾಗ ಅಕ್ಟೋಬರ್ 2 ಮತ್ತು ಚುನಾವಣೆಯಿದ್ದರೆ ಮತದಾನ ಮುಗಿಯುವ ಮುಂಚಿನ 48 ಗಂಟೆಗಳನ್ನು ಬಿಟ್ಟುಬಿಡಿ.

ಪ್ರಶ್ನೆ: ನಮ್ಮ ತಾಯಿ ಹಳ್ಳಿಯಲ್ಲಿ ಪೆಟ್ಟಿಗೆ ಅಂಗಡಿ ಇಟ್ಟಿದ್ದಾರೆ. ಮದ್ಯ ಮಾರುವುದಿಲ್ಲ, ಕುಡಿಯುವವರು ತಾವೇ ಪ್ಯಾಕೆಟ್ ತಂದು ಅಂಗಡಿ ಮುಂದಿನ ಜಗಲಿಯಲ್ಲಿ ಕೂರುತ್ತಾರೆ. ಆದರೂ ಪೊಲೀಸರು ಕೇಸು ಹಾಕಿದ್ದಾರೆ. ಇದು ಸರಿಯೇ?
– ಓದುಗರು, ಮಳವಳ್ಳಿ

ಉತ್ತರ: ಮಾರದಿದ್ದರೂ ಕೇಸು ಹಾಕಬಹುದು. ಸಾರ್ವಜನಿಕ ಸ್ಥಳದಲ್ಲಿ ಕುಡಿಯಲು ಅನುವು ಮಾಡಿಕೊಟ್ಟರೆಂದು ಕರ್ನಾಟಕ ಅಬಕಾರಿ ಕಾಯ್ದೆ, 1965ರ 15(ಎ) ಮತ್ತು 32(3)ನೇ ಕಲಮುಗಳಡಿ ಪ್ರಕರಣ ದಾಖಲಿಸುವುದು ವಾಡಿಕೆ. ಮಹಜರಿನಲ್ಲಿ ಸಿಕ್ಕಿತೆಂದು ಬರೆಯುವುದು ಹೆಚ್ಚಾಗಿ 90 ಎಂ.ಎಲ್.ನ ಖಾಲಿ ಪ್ಯಾಕೆಟ್, ಪ್ಲಾಸ್ಟಿಕ್ ಲೋಟ, ಅರ್ಧ ಮುಗಿದ ನೀರಿನ ಬಾಟಲಿ. ಲೋಟ, ನೀರು ನಿಮ್ಮ ಅಂಗಡಿಯದ್ದೇ ಎಂದಾದರೆ ‘ಅನುವು ಮಾಡಿಕೊಟ್ಟರು’ ಎಂಬ ಮಾತಿಗೆ ಬಲ ಬರುತ್ತದೆ. ವಕೀಲರ ಮೂಲಕ ಎಫ್‌ಐಆರ್ ಮತ್ತು ಮಹಜರಿನ ಪ್ರತಿ ಪಡೆದು, ಪಂಚರು ಯಾರು, ವಸ್ತುಗಳು ಸಿಕ್ಕಿದ್ದು ಜಗಲಿಯ ಮೇಲೋ ಅಂಗಡಿಯ ಒಳಗೋ ಎಂಬುದನ್ನು ಮೊದಲು ನೋಡಿ. ಸದ್ಯಕ್ಕೆ ಅಂಗಡಿಯಲ್ಲಿ ಪ್ಲಾಸ್ಟಿಕ್ ಲೋಟ ಮಾರುವುದನ್ನು ನಿಲ್ಲಿಸಲು ತಾಯಿಯವರಿಗೆ ಹೇಳಿ.