ಕಾರ್ಬನ್ ಐಸೊಟೋಪ್ ಅಳೆದರೆ ಸಾಕಾ? ಗಾಳಿಯಲ್ಲಿರುವ ಮೀಥೇನ್ ಗ್ಯಾಸ್ ಬಾವಿಯದ್ದೋ ದನದ್ದೋ ಗೊತ್ತಾಗುತ್ತಾ?

ಪಶ್ಚಿಮ ಬಂಗಾಳದ ರಾಣಿಗಂಜ್‌ನಲ್ಲಿ ಕಲ್ಲಿದ್ದಲಿನ ಪದರಕ್ಕೆ ಬಾವಿ ಕೊರೆದು ಮೀಥೇನ್ ತೆಗೆಯುತ್ತಾರೆ, ಆ ಗ್ಯಾಸ್ ಬಾವಿಗಳ ಸುತ್ತ ಗಾಳಿ ಅಳೆಯಲು ಹೊರಟಿದ್ದೀರಿ. ಐಸೊಟೋಪ್ ಅಂದರೆ ಒಂದೇ ಧಾತುವಿನ ಹಗುರ ಮತ್ತು ಭಾರದ ಪರಮಾಣುಗಳು; ಅವುಗಳ ಪ್ರಮಾಣ ನೋಡಿ ಮೀಥೇನ್ ಎಲ್ಲಿಂದ ಬಂತು ಅಂತ ಊಹಿಸುತ್ತೇವೆ. ಅದನ್ನು ಅಲ್ಲೇ ಅಳೆಯುವ ಲೇಸರ್ ಯಂತ್ರ ಕೊಳ್ಳಬೇಕಾ, ಪರಮಾಣುಗಳನ್ನು ತೂಕದ ಪ್ರಕಾರ ಬೇರ್ಪಡಿಸುವ ಲ್ಯಾಬಿನ ಮಾಸ್ ಸ್ಪೆಕ್ಟ್ರೋಮೀಟರೇ ಬೇಕಾ ಅಂತ ಕೇಳಿದ್ದೀರಿ. ಪಿಎಚ್‌ಡಿಗೆ ಸೇರಿದಾಗ ನನ್ನ ತಲೆಯಲ್ಲೂ ಇದೊಂದೇ ಪ್ರಶ್ನೆ ಇತ್ತು.

ನನ್ನ ಜಾಗ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ಸೂರತ್ ಬೇಸಿನ್. ಗುಜರಾತಿನ ಸೂರತ್ ಅಲ್ಲ, ಅಲ್ಲೂ ಆ ಹೆಸರಿನ ಊರಿದೆ. ಡಾಲ್ಬಿಯಿಂದ ಚಿಂಚಿಲಾ, ಮೈಲ್ಸ್ ಕಡೆ ಹೋದರೆ ಎಲ್ಲಿ ನೋಡಿದರೂ ಗ್ಯಾಸ್ ಬಾವಿ. ಪಕ್ಕದಲ್ಲೇ ದನ ಕೂಡಿಹಾಕಿ ಕೊಬ್ಬಿಸುವ ಫೀಡ್‌ಲಾಟ್‌ಗಳು, ಹಂದಿ ಸಾಕಣೆ, ಕಲ್ಲಿದ್ದಲು ಗಣಿ, ಮಾಂಸದ ಕಾರ್ಖಾನೆ. ಇವೆಲ್ಲವೂ ಮೀಥೇನ್ ಬಿಡುತ್ತವೆ. ನಾವು ರಾತ್ರಿ ಹೊತ್ತು ಕಾರಿನಲ್ಲಿ ಯಂತ್ರ ಇಟ್ಟುಕೊಂಡು ಸುತ್ತುತ್ತಿದ್ದೆವು. ರಾತ್ರಿ ತಂಪಾದ ಗಾಳಿ ನೆಲದ ಹತ್ತಿರವೇ ನಿಲ್ಲುತ್ತದೆ, ಮೀಥೇನ್ ಚದುರುವುದು ಕಡಿಮೆ. ಪ್ರಮಾಣ ಏರಿದ ಕಡೆ ಬ್ಯಾಗಿನಲ್ಲಿ ಗಾಳಿ ತುಂಬಿಕೊಳ್ಳುವುದು, ಆಮೇಲೆ ಕೀಲಿಂಗ್ ಪ್ಲಾಟ್ (ಸುತ್ತಲಿನ ಗಾಳಿಯ ಪಾಲನ್ನು ಬೇರ್ಪಡಿಸುವ ನಕ್ಷೆ) ಹಾಕಿ ಮೂಲದ ಐಸೊಟೋಪ್ ಮೌಲ್ಯ ತೆಗೆಯುವುದು. ಇಷ್ಟರಲ್ಲಿ ಏನೂ ತಪ್ಪಿರಲಿಲ್ಲ.

ತಪ್ಪಾಗಿದ್ದು ಆಮೇಲೆ. ಬಾವಿಗಳ ಗ್ಯಾಸ್ ಒಟ್ಟುಗೂಡುವ ಒಂದು ಸ್ಟೇಷನ್ ಮತ್ತು ಒಂದು ಫೀಡ್‌ಲಾಟ್ ಅಕ್ಕಪಕ್ಕ ಇದ್ದ ಜಾಗದಲ್ಲಿ ನನಗೆ ಕಾರ್ಬನ್ ಮೌಲ್ಯ ಮೈನಸ್ 53 ಪರ್ ಮಿಲ್ (ಸಾವಿರಕ್ಕೆ ಇಷ್ಟು ಅನ್ನುವ ಲೆಕ್ಕ) ಬಂತು. ಮೈನಸ್ ಸಂಖ್ಯೆ ದೊಡ್ಡದಾದಷ್ಟೂ ಭಾರದ ಪರಮಾಣು ಕಡಿಮೆ, ಅಂದರೆ ಮೀಥೇನ್ ಹಗುರ. ಇದರಲ್ಲಿ ಗ್ಯಾಸಿನ ಪಾಲೆಷ್ಟು, ದನದ ಪಾಲೆಷ್ಟು ಅಂತ ಹೇಳಲು ಎರಡೂ ಮೂಲಗಳ ಮೌಲ್ಯ ಬೇಕು. ನಾನು ಆ ಎರಡನ್ನೂ ಪ್ರಕಟಿತ ಕೋಷ್ಟಕದಿಂದ ಎತ್ತಿಕೊಂಡೆ. 2016ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಜಾಗತಿಕ ಸರಾಸರಿ ಅದು. ಪಳೆಯುಳಿಕೆ ಇಂಧನಕ್ಕೆ ಮೈನಸ್ 44, ಸೂಕ್ಷ್ಮಜೀವಿಗಳಿಂದ ಬರುವ ಮೀಥೇನ್‌ಗೆ ಮೈನಸ್ 62. ಮೈನಸ್ 53 ಅಂದರೆ ಸರಿಯಾಗಿ ನಡುಮಧ್ಯ. ಅರ್ಧ ಗ್ಯಾಸ್, ಅರ್ಧ ದನ ಅಂತ ಬರೆದೆ. ಊರಿನ ಸಭೆಯಲ್ಲೂ ಹಾಗೇ ಹೇಳಿದೆ. ಆ ಫೀಡ್‌ಲಾಟ್‌ನ ಮಾಲೀಕರು ಅಲ್ಲೇ ಕೂತಿದ್ದರು.

ಲೇಖನ ಪರಿಶೀಲಿಸಿದವರು ಕೇಳಿದ್ದು ಒಂದೇ ಪ್ರಶ್ನೆ: ಅಲ್ಲಿನ ಬಾವಿಯ ಗ್ಯಾಸನ್ನೇ ಅಳೆದಾಗ ಎಷ್ಟು ಬಂತು? ನಾನು ಅಳೆದೇ ಇರಲಿಲ್ಲ. ಜಗತ್ತಿನ ಲೆಕ್ಕ ಹಾಕುವಾಗ ಸರಾಸರಿ ಕೆಲಸಕ್ಕೆ ಬರುತ್ತದೆ. ಒಂದು ಊರಿನ ಲೆಕ್ಕಕ್ಕೆ ಬರುವುದಿಲ್ಲ. ನೆದರ್ಲೆಂಡ್ಸ್‌ನ ಗ್ರೋನಿಂಗನ್ ಗ್ಯಾಸ್ ಮೈನಸ್ 30ರ ಹತ್ತಿರ ಇದೆ. ಸೂರತ್ ಬೇಸಿನ್‌ನಲ್ಲಿ ಕಲ್ಲಿದ್ದಲಿನ ಪದರಗಳು ಅಷ್ಟು ಆಳದಲ್ಲಿಲ್ಲ. ಅಲ್ಲಿನ ಗ್ಯಾಸ್‌ನಲ್ಲಿ ಬಹುಪಾಲು ಕಲ್ಲಿದ್ದಲಿನೊಳಗಿನ ಸೂಕ್ಷ್ಮಜೀವಿಗಳೇ ಮಾಡಿದ್ದು. ಹಾಗಾಗಿ ಅದರ ಕಾರ್ಬನ್ ಹಗುರ. ನಾನು ಅರ್ಧರ್ಧ ಹಂಚಿದ್ದ ಮೈನಸ್ 53 ಪೂರ್ತಿ ಗ್ಯಾಸೇ ಆಗಿರಬಹುದಿತ್ತು.

ಉಳಿದಿದ್ದ ಬ್ಯಾಗುಗಳನ್ನು ಹೈಡ್ರೋಜನ್ ಐಸೊಟೋಪ್ ಅಳೆಯಲು ಬೇರೆ ದೇಶದ ಲ್ಯಾಬಿಗೆ ಕಳಿಸಿದೆವು. ದನ ಬಿಡುವ ಮೀಥೇನ್‌ನಲ್ಲಿ ಹೈಡ್ರೋಜನ್ ಮೌಲ್ಯ ಮೈನಸ್ 300ರ ಆಸುಪಾಸು. ಅಲ್ಲಿನ ಗ್ಯಾಸ್‌ನಲ್ಲಿ ಮೈನಸ್ 200ರ ಹತ್ತಿರ. ಅರ್ಧರ್ಧ ಆಗಿದ್ದರೆ ಮೈನಸ್ 250 ಬರಬೇಕಿತ್ತು. ಬಂದಿದ್ದು ಮೈನಸ್ 200ರ ಪಕ್ಕದಲ್ಲೇ. ದನದ ಪಾಲು ಇಲ್ಲವೆಂದರೂ ನಡೆಯುತ್ತಿತ್ತು. ಆ ಅಧ್ಯಾಯವನ್ನೇ ಪ್ರಬಂಧದಿಂದ ಕೈಬಿಟ್ಟೆ. ಅದಕ್ಕಿಂತ ಜಾಸ್ತಿ ಕಾಡಿದ್ದು ಅವರದ್ದಲ್ಲದ ಮೀಥೇನನ್ನು ಆ ಮಾಲೀಕರ ತಲೆಗೆ ಕಟ್ಟಿದ್ದು. ಅವರನ್ನು ಹುಡುಕಿಕೊಂಡು ಹೋಗಿ ವಿಷಯ ಹೇಳಿ ಬಂದೆ.

ಇದು ನನ್ನೊಬ್ಬನ ಅನುಭವ ಅಂದುಕೊಳ್ಳಬೇಡಿ. ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ನೇತೃತ್ವದ ತಂಡ 2018 ಮತ್ತು 2019ರಲ್ಲಿ ಅದೇ ಬೇಸಿನ್‌ನಲ್ಲಿ ಒಂದೊಂದು ಮೂಲದ ಪಕ್ಕ ನಿಂತು ಎರಡೂ ಐಸೊಟೋಪ್ ಅಳೆಯಿತು. ಗ್ಯಾಸ್‌ನ ಕಾರ್ಬನ್ ಮೈನಸ್ 55.6ರಿಂದ ಮೈನಸ್ 50.9ರವರೆಗೆ. ಮೇಯುವ ದನ ಮೈನಸ್ 59.7, ತೆರೆದ ಕಲ್ಲಿದ್ದಲು ಗಣಿ ಮೈನಸ್ 60. ಈ ಎರಡನ್ನು ಕಾರ್ಬನ್‌ನಿಂದ ಬೇರೆ ಮಾಡಲು ಸಾಧ್ಯವೇ ಇಲ್ಲ. ಮಾಂಸದ ಕಾರ್ಖಾನೆ ಮೈನಸ್ 44.5! ನನ್ನ ಕೋಷ್ಟಕ ಹಿಡಿದು ಹೋಗಿದ್ದರೆ ಅದನ್ನು ಪಕ್ಕಾ ಗ್ಯಾಸ್ ಸೋರಿಕೆ ಅಂತ ಬರೆಯುತ್ತಿದ್ದೆ. ಹೈಡ್ರೋಜನ್ ನೋಡಿದರೆ ಗಣಿ ಮೈನಸ್ 210, ದನ ಮೈನಸ್ 290, ಕಾರ್ಖಾನೆ ಮೈನಸ್ 315. ಆಗ ಬೇರೆ ಬೇರೆ ಅಂತ ಕಾಣುತ್ತದೆ.

ಹಾಗಾಗಿ ಯಾವ ಯಂತ್ರ ಅನ್ನುವ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅಂತ ನನ್ನ ಖಚಿತ ಅಭಿಪ್ರಾಯ. ಲೇಸರ್ ಯಂತ್ರ ಸೋರಿಕೆ ಹುಡುಕಲು ಇರಲಿ, ಬಾಡಿಗೆಗೆ ಸಿಕ್ಕರೂ ಸಾಕು. ದುಡ್ಡನ್ನು ಬ್ಯಾಗುಗಳಿಗೆ, ಹೈಡ್ರೋಜನ್ ಅಳತೆಗೆ ಇಡಿ. ಮೊದಲ ಹಂತದಲ್ಲಿ ಗಾಳಿ ಅಳೆಯುವುದೇ ಬೇಡ. ಬಾವಿಯ ಗ್ಯಾಸ್, ಗಣಿಯಿಂದ ಹೊರಬರುವ ಗಾಳಿ, ಗದ್ದೆ, ಕೊಟ್ಟಿಗೆ, ಚರಂಡಿ ನೀರು, ಎಲ್ಲದರ ಸ್ಯಾಂಪಲ್ ಆ ಜಾಗದಲ್ಲೇ ತೆಗೆಯಿರಿ. ದನ ಅಂದರೆ ಒಂದೇ ಮೌಲ್ಯ ಅಂತಲೂ ಹಿಡಿಯಬೇಡಿ. ಭತ್ತದ ಹುಲ್ಲು ತಿನ್ನುವ ದನಕ್ಕಿಂತ ಜೋಳದ ಸೊಪ್ಪೆ ತಿನ್ನುವ ದನದ ಮೀಥೇನ್ ಸಾಕಷ್ಟು ಭಾರ ಇರುತ್ತದೆ, ಆ ಗಿಡಗಳು ಕಾರ್ಬನ್ ಹಿಡಿಯುವ ರೀತಿಯೇ ಬೇರೆ. ಮೇವು ಏನು ಅಂತ ಪ್ರತಿ ಕೊಟ್ಟಿಗೆಯಲ್ಲೂ ಕೇಳಿ ಬರೆದುಕೊಳ್ಳಿ.

ಇನ್ನೊಂದು ಮಾತು. ರಾಣಿಗಂಜ್‌ನಲ್ಲಿ ಗಣಿಯೂ ಗ್ಯಾಸ್ ಬಾವಿಯೂ ಇರುವುದು ಅದೇ ಕಲ್ಲಿದ್ದಲು ಪ್ರದೇಶದಲ್ಲಿ. ಅವೆರಡರ ಮೀಥೇನ್ ಎರಡೂ ಐಸೊಟೋಪ್‌ಗಳಲ್ಲಿ ಒಂದೇ ತರ ಬಂದರೆ ಆಶ್ಚರ್ಯ ಪಡಬೇಡಿ. ಆಗ ಉಳಿಯುವುದು ಗಾಳಿಯ ದಿಕ್ಕು ನೋಡಿಕೊಂಡು ಬಾವಿಯ ಬೇಲಿ ಪಕ್ಕ ನಿಂತು ಅಳೆಯುವ ಕೆಲಸ. ಬೇಲಿ ಪಕ್ಕ ನಿಲ್ಲಲು ಅನುಮತಿ ಬೇಕು, ಅದು ತಿಂಗಳುಗಟ್ಟಲೆ ಹಿಡಿಯುತ್ತದೆ. ಯಂತ್ರದ ಕೊಟೇಶನ್ ತರಿಸುವ ಮುಂಚೆ ಆ ಅರ್ಜಿ ಹಾಕಿ.